1840ರ ಎರಡು ಬೆಳ್ಳಿ ರೂಪಾಯಿ, ಅಕ್ಷರ ಕೂರಿಸಿರೋದು ಬೇರೆ ಬೇರೆ, ಒಂದು ನಕಲಿನಾ?

ಹಳೇರೂಪಾಯಿ:
ನಮಸ್ಕಾರ ಎಲ್ರಿಗೂ. ಅಜ್ಜಿ ಜೋಪಾನವಾಗಿ ಇಟ್ಟಿದ್ದ ಬೆಳ್ಳಿ ರೂಪಾಯಿ ನೋಡ್ತಾ ಇದ್ದೆ, ಅದ್ರಲ್ಲಿ ಎರಡು 1840ರದ್ದು, ಎರಡರಲ್ಲೂ ವಿಕ್ಟೋರಿಯಾ ರಾಣಿ, ಹಿಂದೆ ಈಸ್ಟ್ ಇಂಡಿಯಾ ಕಂಪನಿ ಅಂತ ಇದೆ. ಆದ್ರೆ ಒಂದ್ರಲ್ಲಿ 'ವಿಕ್ಟೋರಿಯಾ ಕ್ವೀನ್' ಅನ್ನೋದು ತಲೆ ಮೇಲಿಂದ ಒಂದೇ ಸಾಲಲ್ಲಿ ಸುತ್ತಿಕೊಂಡು ಹೋಗಿದೆ, ಇನ್ನೊಂದ್ರಲ್ಲಿ ಒಂದು ಪದ ಮುಖದ ಈ ಕಡೆ, ಇನ್ನೊಂದು ಆ ಕಡೆ. ಒಂದೇ ವರ್ಷದ ನಾಣ್ಯದಲ್ಲಿ ಹೀಗಿರುತ್ತಾ? ಜೊತೆಗೆ 1862ರದ್ದೂ ಒಂದಿದೆ, ಅದರ ಇಸವಿ ಕೆಳಗೆ ಪುಟ್ಟ ಪುಟ್ಟ ಚುಕ್ಕಿಗಳು, ಅದು ಸವೆದಿರೋದಾ ಬೇಕಂತ ಇಟ್ಟಿರೋದಾ ಗೊತ್ತಾಗ್ತಿಲ್ಲ.

ಟಂಕಸಾಲೆ:
ಅಕ್ಷರದ ಜಾಗ ಬೇರೆ ಅಂತ ಮಾತ್ರಕ್ಕೆ ನಕಲಿ ಅನ್ಬೇಡಿ, ಎರಡೂ ಬಗೆ ಅಸಲಿಯಲ್ಲೇ ಇದೆ. ಮೊದಲು ಬಂದಿದ್ದು ಒಂದೇ ಸಾಲಿನದ್ದು, ಆಮೇಲೆ ಪದ ಒಡೆದು ಎರಡೂ ಕಡೆ ಹಾಕಿದ್ರು. ಇಸವಿ ಮಾತ್ರ ಬದಲಾಯಿಸಲೇ ಇಲ್ಲ, 1862ರ ಹೊಸ ರೂಪಾಯಿ ಬರೋವರೆಗೂ 1840 ಅಂತಲೇ ಹೊಡೀತಾ ಹೋದ್ರು, ಹಾಗಾಗಿ ನಿಮ್ಮ ಎರಡು ನಾಣ್ಯದ ನಡುವೆ ಎಷ್ಟೋ ವರ್ಷದ ಅಂತರ ಇರಬಹುದು. ರಾಣಿ ಕತ್ತು ಮುಗಿಯೋ ಅಂಚನ್ನ ಲೆನ್ಸಲ್ಲಿ ನೋಡಿ, 'ಡಬ್ಲ್ಯು.ಡಬ್ಲ್ಯು.' ಅಂತ ಸಣ್ಣಕ್ಷರ ಸಿಗುತ್ತೆ, ಚಿತ್ರ ಕೆತ್ತಿದ ವಿಲಿಯಂ ವಯಾನ್ ಅವರ ಇನಿಷಿಯಲ್ಸ್. ಕೆಲವದ್ರಲ್ಲಿ ಅದು ಉಬ್ಬಿರುತ್ತೆ, ಕೆಲವದ್ರಲ್ಲಿ ಒಳಗೆ ಕೊರೆದಿರುತ್ತೆ, ಕೆಲವದ್ರಲ್ಲಿ ಇರೋದೇ ಇಲ್ಲ! ಹಿಂದಿನ ಎಲೆ ಹಾರದಲ್ಲಿರೋ ಹಣ್ಣುಗಳ ಲೆಕ್ಕನೂ ಡೈನಿಂದ ಡೈಗೆ, ಅಂದ್ರೆ ನಾಣ್ಯ ಒತ್ತೋ ಅಚ್ಚಿನಿಂದ ಅಚ್ಚಿಗೆ, ಬೇರೆ, ಸಂಗ್ರಹ ಮಾಡೋರು ಅದನ್ನ ಕೂತು ಎಣಿಸ್ತಾರೆ, ನಂಗಂತೂ ಅದೇ ಈ ನಾಣ್ಯದ ದೊಡ್ಡ ಖುಷಿ.

ಚುಕ್ಕಿಚಂದ್ರ:
1862ರದ್ದಕ್ಕೆ ನಾನು ಹೇಳ್ತೀನಿ. ಅಲ್ಲೂ ಇದೇ ಕಥೆ, ಇಸವಿ ಹಾಗೇ ಬಿಟ್ಟು ವರ್ಷಗಟ್ಟಲೆ ಹೊಡೆದ್ರು, 1874ರಿಂದ ಮತ್ತೆ ಆಯಾ ವರ್ಷ ಹಾಕೋಕೆ ಶುರು. ಆ ನಡುವೆ ಬಾಂಬೆ ಮಿಂಟ್ ಹೊಡೆದ ರೂಪಾಯಿಗಳ ಮೇಲೆ ಚುಕ್ಕಿ ಇಡ್ತಿತ್ತು, ಯಾವ ವರ್ಷದ್ದು ಅಂತ ತಿಳಿಯೋ ಗುರುತು ಅದು ಅಂತ ಸಂಗ್ರಹಕಾರರು ಓದ್ತಾರೆ. ಇಸವಿ ಕೆಳಗೆ ಎಷ್ಟಿದೆ, ಮೇಲುಗಡೆ ಒನ್ ರುಪೀ ಹತ್ರ ಏನಾದ್ರೂ ಇದೆಯಾ ಎರಡೂ ನೋಡಿ. ಸವೆತದಿಂದ ಆದ ಕಲೆಗೆ ಅಂಚು ಇರಲ್ಲ, ಡೈನಿಂದ ಬಂದ ಚುಕ್ಕಿ ಗುಂಡಗೆ ಎದ್ದು ನಿಂತಿರುತ್ತೆ. ಹಾಗೇ 1877ರಿಂದ 'ಕ್ವೀನ್' ಹೋಗಿ 'ಎಂಪ್ರೆಸ್' ಬಂತು, ಅದೂ ನಿಮ್ಮ ಹತ್ರ ಇದ್ರೆ ಪಕ್ಕಪಕ್ಕ ಇಟ್ಟು ನೋಡಿ.

ಹಳೇರೂಪಾಯಿ:
ತುಂಬಾ ಥ್ಯಾಂಕ್ಸ್ ಸರ್, ಚುಕ್ಕಿ ಗುಂಡಗೇ ಇದೆ. ಹಾಗಿದ್ರೂ ನಕಲಿ ಅಂತ ಗೊತ್ತಾಗೋದು ಹೇಗೆ?

ಟಂಕಸಾಲೆ:
ಮೊದಲು ತೂಕ ಹಾಕಿ, 11.66 ಗ್ರಾಂ ಇರ್ಬೇಕು, ಸವೆದಿದ್ರೆ ಸ್ವಲ್ಪ ಕಮ್ಮಿ. ಎರಕ ಹೊಯ್ದ ನಕಲಿಯಲ್ಲಿ ಅಕ್ಷರದ ಬುಡ ಮೆತ್ತಗೆ, ಮಸುಕಾಗಿ ಇರುತ್ತೆ, ಮೈ ಮೇಲೆ ಸೂಜಿಮೊನೆಯಷ್ಟು ತೂತುಗಳು, ಸುತ್ತಿನ ಅಂಚಲ್ಲಿ ಜೋಡಿಸಿದ ಗೆರೆನೂ ಕಾಣಬಹುದು. ಅಸಲಿಯಲ್ಲಿ ಅಕ್ಷರ ಮೈಯಿಂದ ನೆಟ್ಟಗೆ ಎದ್ದಿರುತ್ತೆ. ಮತ್ತೆ ದಯವಿಟ್ಟು ಹುಣಸೆಹಣ್ಣು ಹಾಕಿ ಉಜ್ಜಬೇಡಿ, ಬೆಳ್ಳಿ ಮೇಲೆ ಕೂತಿರೋ ಹಳೇ ಕಪ್ಪು ಹೋದ್ರೆ ವಾಪಸ್ ಬರಲ್ಲ, ಉಜ್ಜಿದ ನಾಣ್ಯಕ್ಕೆ ಸಂಗ್ರಹಕಾರರಲ್ಲಿ ಬೆಲೆನೂ ಕಮ್ಮಿ.

ಆನೆಮೇಲೆಅಂಬಾರಿ:
ಡಿಸೈನ್ ಅಂದ್ರೆ 1911ರ ಐದನೇ ಜಾರ್ಜ್ ರೂಪಾಯಿ ಬಿಡೋಕಾಗಲ್ಲ. ರಾಜನ ನಿಲುವಂಗಿ ಮೇಲೆ ಆನೆ ಇದೆ, ಆದ್ರೆ ಸೊಂಡಿಲು ಗಿಡ್ಡವಾಗಿ ಹಂದಿ ಥರ ಕಂಡು ಜನ ಸಿಟ್ಟಾದ್ರು, 1912ರಲ್ಲಿ ಸೊಂಡಿಲು ಸರಿಯಾಗಿ ಕಾಣೋ ಹಾಗೆ ಆನೆನ ಮತ್ತೆ ಕೆತ್ತಿದ್ರು. ಸಂಗ್ರಹಕಾರರ ಬಾಯಲ್ಲಿ ಅದು ಇವತ್ತಿಗೂ 'ಪಿಗ್ ರುಪೀ'. ಇನಿಷಿಯಲ್ಸ್ ಇದ್ರಲ್ಲೂ ಉಂಟು, 'ಬಿ.ಎಂ.', ಬರ್ಟ್ರಮ್ ಮೆಕೆನಲ್ ಅವರದ್ದು. ಅಜ್ಜಿ ಇಟ್ಟಿದ್ದರಲ್ಲಿ ಜಾರ್ಜ್ ರೂಪಾಯಿ ಇದ್ರೆ ಮೊದಲು ಇಸವಿ ನೋಡಿ, 1911 ಇದ್ರೆ ಆನೆ ಹತ್ರದಿಂದ ತೆಗೆದ ಒಂದು ಫೋಟೋ ಇಲ್ಲಿ ಹಾಕಿ.