ತಂಗಿಯ ಮದುವೆ ಮೇ ತಿಂಗಳಲ್ಲಿ, ಖರ್ಚಿನ ಲೆಕ್ಕ ಎಲ್ಲಿಂದ ಶುರು ಮಾಡಲಿ?

ನೀರ್ಚಾಲಿನ ಅಣ್ಣ:
ಎಲ್ಲರಿಗೂ ನಮಸ್ಕಾರ. ತಂಗಿಗೆ ಮದುವೆ ನಿಶ್ಚಯವಾಗಿದೆ. ನಮ್ಮದು ಕೇರಳದ ಕಾಸರಗೋಡು ಕಡೆ, ಹುಡುಗನ ಮನೆ ಕರ್ನಾಟಕದ ಪುತ್ತೂರು ಕಡೆ. ಮೇ ಎರಡನೇ ವಾರ ಧಾರೆ, ಬದಿಯಡ್ಕದ ಹತ್ತಿರ ಹಾಲ್ ನೋಡಿದ್ದೇವೆ. ಆಪರೇಷನ್ ಆದ ಮೇಲೆ ಅಪ್ಪನಿಗೆ ಓಡಾಟ ಕಷ್ಟ, ಹಾಗಾಗಿ ಜವಾಬ್ದಾರಿ ಎಲ್ಲ ನನ್ನದೇ. ದೊಡ್ಡಪ್ಪ ಐದು ಲಕ್ಷ ಸಾಕು ಅನ್ನುತ್ತಾರೆ. ಸೋದರಮಾವ ಹತ್ತಾದರೂ ಬೇಕು ಅನ್ನುತ್ತಾರೆ. ಹೇಗೆ ಅಂತ ಇಬ್ಬರೂ ಬಿಡಿಸಿ ಹೇಳುವುದಿಲ್ಲ.

ನನ್ನ ಉಳಿತಾಯ ಮೂರು ಲಕ್ಷ. ಅಟ್ಟದಲ್ಲಿ ಆರು ಕ್ವಿಂಟಾಲ್ ಹಳೆ ಅಡಿಕೆ ಉಂಟು, ದರ ಏರೀತು ಅಂತ ಅಪ್ಪ ಕಾಯುತ್ತಿದ್ದಾರೆ. ಇದ್ದ ಚಿನ್ನದ ಜೊತೆಗೆ ಐದು ಪವನ್ ಮಾಡಿಸಬೇಕು ಅಂತ ಅಮ್ಮನ ಆಸೆ. ಸಾಲ ಮಾತ್ರ ಮಾಡಬೇಡ ಅಂತ ತಂಗಿಯೇ ನನ್ನ ಕೈ ಹಿಡಿದು ಹೇಳಿದ್ದಾಳೆ. ಇತ್ತೀಚೆಗೆ ಮದುವೆ ಮಾಡಿಸಿದವರು ದಯವಿಟ್ಟು ಸರಿಯಾದ ಲೆಕ್ಕ ಹೇಳಿ.

ಪೆರ್ಲದ ಅಕ್ಕ:
ತಮ್ಮಾ, ದುಡ್ಡಿನಿಂದ ಶುರು ಮಾಡಬೇಡ. ಹೇಳಿಕೆಯ, ಅಂದರೆ ಮದುವೆಗೆ ಕರೆಯುವವರ ಪಟ್ಟಿಯಿಂದ ಶುರು ಮಾಡು. ನಾನು ಕಳೆದ ಮೇ ತಿಂಗಳಲ್ಲಿ ಮಗಳ ಮದುವೆ ಮಾಡಿದವಳು. ಆ ಲೆಕ್ಕದ ಪುಸ್ತಕ ಈಗ ಮುಂದೆ ಇಟ್ಟುಕೊಂಡೇ ಬರೆಯುತ್ತಿದ್ದೇನೆ.

142 ಮನೆಗೆ ಹೇಳಿಕೆ ಆಗಿತ್ತು. ಮನೆಗೆ ಎರಡೂವರೆ ಜನ ಅಂತ ಹಿಡಿದು 355 ಅಂತ ಬರೆದೆ. ಊಟಕ್ಕೆ ಬಿದ್ದದ್ದು 468 ಎಲೆ, ಅದೂ ನಮ್ಮ ಕಡೆಯದ್ದು ಮಾತ್ರ, ದಿಬ್ಬಣ ಬೇರೆ. ಶಾಲೆಗೆ ರಜೆ ಅಲ್ವಾ, ಬೆಂಗಳೂರಿನ ಮಕ್ಕಳು ಮೊಮ್ಮಕ್ಕಳೆಲ್ಲ ಊರಲ್ಲೇ ಇದ್ದರು. ಎಲೆಗೆ 230 ರೂಪಾಯಿ ಮಾತಾಗಿತ್ತು. ಅಲ್ಲಿಗೇ ಸುಮಾರು 26 ಸಾವಿರ ಜಾಸ್ತಿ.

ದುಡ್ಡು ಹೋದರೆ ಹೋಗಲಿ. ಮೂರನೇ ಹಂತಿಗೆ (ಪಂಕ್ತಿಗೆ) ಹಾಕುವಾಗ ಬಾಳೆ ಎಲೆ ಮೂವತ್ತು ಮಾತ್ರ ಉಳಿದಿತ್ತು. ಭಾವ ಸ್ಕೂಟರಿನಲ್ಲಿ ಪೇಟೆಗೆ ಓಡಿದರು. ಹಿರಿಯರೆಲ್ಲ ಕೈ ತೊಳೆದು ಬಾಗಿಲಲ್ಲಿ ನಿಂತಿದ್ದರು. ಆ ಇಪ್ಪತ್ತು ನಿಮಿಷ ನಾನು ಯಾರ ಮುಖವನ್ನೂ ನೋಡಲಿಲ್ಲ. ಅದಕ್ಕೇ ಹೇಳುವುದು, ಪ್ರತಿ ಮನೆಯ ಮುಂದೆ ಯಾರ್ಯಾರು ಬರುತ್ತಾರೆ ಅಂತ ನೆನೆದು ಅಂಕೆ ಹಾಕು. ಸರಾಸರಿ ಬೇಡ.

ಇನ್ನೊಂದು, ನಾನು ಒಂದೇ ಊಟ ಲೆಕ್ಕ ಹಾಕಿದ್ದೆ. ಹಿಂದಿನ ದಿನ ನಾಂದಿಯ ಊಟ, ರಾತ್ರಿ ಉಳಿದವರ ಊಟ, ಬೆಳಗ್ಗಿನ ಕಾಫಿ ತಿಂಡಿ, ಎಲ್ಲ ಬೇರೆ ಬೇರೆ ಬರೆಯಬೇಕು.

ಹಾಲ್ ಬಾಡಿಗೆ 35 ಸಾವಿರ ಅಂದಿದ್ದರು. ಕೊನೆಗೆ ಕೊಟ್ಟದ್ದು 52 ಸಾವಿರ. ಕ್ಲೀನಿಂಗ್, ಜನರೇಟರಿನ ಡೀಸೆಲ್, ಪಾತ್ರೆ, ಕಸ ಅಂತ ಒಂದೊಂದೇ ಸೇರಿಸಿದರು. ಅಡ್ವಾನ್ಸ್ ಕೊಡುವ ಮೊದಲೇ ಎಲ್ಲ ಬರೆಸಿಕೋ.

ಚಿನ್ನದ್ದು ಕೇಳು. ಐದು ಪವನ್ ಅಂದರೆ 40 ಗ್ರಾಂ. ಅಮ್ಮ ಪೇಪರಿನಲ್ಲಿ ನೋಡುವ ದರದಲ್ಲಿ ಮಜೂರಿ ಇರುವುದಿಲ್ಲ. ಮಜೂರಿ ಶೇಕಡಾ 10 ಅಂತ ಹಿಡಿದು, ಅದರ ಮೇಲೆ ಶೇಕಡಾ 3 ಜಿಎಸ್‌ಟಿ ಹಾಕಿದರೆ ಕೈಯಿಂದ ಹೋಗುವುದು 5.66 ಪವನಿನ ದುಡ್ಡು. ಡಿಸೈನ್ ಜಾಸ್ತಿ ಇದ್ದರೆ ಮಜೂರಿಯೂ ಜಾಸ್ತಿ.

ಅಡಿಕೆಯನ್ನು ಇವತ್ತಿನ ದರಕ್ಕೇ ಲೆಕ್ಕ ಹಾಕು. ಆರು ಕ್ವಿಂಟಾಲೂ ಒಂದೇ ದರಕ್ಕೆ ಹೋಗುವುದಿಲ್ಲ. ಪಟೋರ, ಉಳ್ಳಿ, ಕರಿಗೋಟು ಅಂತ ಕಡಿಮೆ ದರದ್ದೆಲ್ಲ ಹೆಕ್ಕಿದ ಮೇಲೆ ಒಳ್ಳೆ ಚಾಲಿ (ಒಣಗಿಸಿ ಸುಲಿದ ಬಿಳಿ ಅಡಿಕೆ) ಎಷ್ಟು ಉಳಿಯುತ್ತದೆ ಅಂತ ಮೊದಲು ನೋಡು. ಏರುವ ದರ ನಂಬಿ ಅಡ್ವಾನ್ಸ್ ಕೊಡಬೇಡ.

ಮುಳ್ಳೇರಿಯದ ಅಡಿಗೆಯವ:
ನಾನು 22 ವರ್ಷದಿಂದ ಜೆಂಬರದ (ಮದುವೆ, ಪೂಜೆಯಂಥ ಕಾರ್ಯಕ್ರಮದ) ಅಡಿಗೆಗೆ ಹೋಗುವವ. ಅಕ್ಕ ಹೇಳಿದ್ದು ಸರಿ. ಒಂದು ಮಾತು ಸೇರಿಸುತ್ತೇನೆ. ಎಲೆ ಲೆಕ್ಕದಲ್ಲಿ ಕೊಡುವುದಾದರೆ ಕಡಿಮೆ ಅಂದರೆ ಇಷ್ಟು ಎಲೆಗೆ ಕೊಡಬೇಕು ಅಂತ ಮಾತಿರುತ್ತದೆ. 400 ಅಂದು 340 ಬಿದ್ದರೂ 400ಕ್ಕೇ ಕೊಡಬೇಕಾಗುತ್ತದೆ. ಖಂಡಿತ ಬರುವಷ್ಟೇ ಹೇಳಿ, ಮೇಲೆ ನಲುವತ್ತು ಐವತ್ತು ಬಂದರೆ ಸುಧಾರಿಸುತ್ತೀರಾ ಅಂತ ಅಡಿಗೆಯವರನ್ನೇ ಕೇಳಿ. ಅನ್ನ ಇನ್ನೊಂದು ಸಲ ಇಡಬಹುದು, ಸಾರು ಬೆಳೆಸಬಹುದು. ಹೋಳಿಗೆ ಮಾತ್ರ ಆ ಗಳಿಗೆಯಲ್ಲಿ ಆಗುವುದಿಲ್ಲ, ಅದನ್ನು ಸ್ವಲ್ಪ ಜಾಸ್ತಿಯೇ ಮಾಡಿಸಿ.

ಸಾಮಾನು ನಿಮ್ಮದು, ಕೂಲಿ ನಮಗೆ ಅಂತಾದರೆ ನಾನು ನೂರು ಜನಕ್ಕೆ 11 ಕಿಲೋ ಅಕ್ಕಿ ಹಿಡಿಯುತ್ತೇನೆ. ಮೇಲಾರ, ಅವಿಲು, ಪಾಯಸ ಎಲ್ಲ ಸೇರಿ ತೆಂಗಿನಕಾಯಿ ಮೂವತ್ತರ ಹತ್ತಿರ ಬೇಕು. ತೋಟದ ಕಾಯಿ ಅಂತ ಬಿಡಬೇಡಿ, ಪೇಟೆಯ ದರ ಹಾಕಿ ಬರೆಯಿರಿ. ಮಾರಿದ್ದರೆ ಅದೂ ದುಡ್ಡೇ ಅಲ್ವಾ.

ಕುಂಬಳೆಯ ಮಾವ:
ಸಣ್ಣದಾಗಿ ಕಾಣುವ ಎರಡು ಮೂರು ವಿಷಯ. ಮದುವೆಯ ನಂತರ ಹುಡುಗನ ಮನೆಯಲ್ಲಿ ಆಗುವ ಸಟ್ಟುಮುಡಿಗೆ ನೀವು ಪುತ್ತೂರಿಗೆ ಹೋಗುವ ಬಸ್ಸು ಕೇರಳದ್ದಾದರೆ ಗಡಿ ದಾಟಲು ಪರ್ಮಿಟ್ ಆಗಬೇಕು, ಆ ಕಡೆಯ ತೆರಿಗೆಯೂ ಇರಬಹುದು. ಹೇಳಿದ ಬಾಡಿಗೆಯಲ್ಲಿ ಅದು ಸೇರಿದೆಯಾ ಅಂತ ಕೇಳಿ. ನನ್ನ ತಮ್ಮನ ಮಗನ ಮದುವೆಯಲ್ಲಿ ಗಡಿಯ ಸಾರಡ್ಕ ಹತ್ತಿರ ಬಂದ ಮೇಲೆ ಡ್ರೈವರ್ ಅದರ ಮಾತೆತ್ತಿದ. ನೂರಕ್ಕಿಂತ ಜಾಸ್ತಿ ಜನ ಸೇರುವ ಕಾರ್ಯಕ್ರಮಕ್ಕೆ ಮೂರು ದಿನ ಮೊದಲು ಪಂಚಾಯತಿಗೆ ತಿಳಿಸಿ ಕಸದ ಶುಲ್ಕ ಕಟ್ಟಬೇಕು. ಹಾಲ್‌ನವರು ಕಸಕ್ಕೆ ಅಂತ ತೆಗೆದುಕೊಳ್ಳುವ ದುಡ್ಡಿನಲ್ಲಿ ಇದೂ ಬಂತಾ ಅಂತ ವಿಚಾರಿಸಿ. ಮದುವೆಯಾಗಿ 45 ದಿನದೊಳಗೆ ನೋಂದಣಿ ಮಾಡಿಸಿಬಿಡಿ.

ನೀರ್ಚಾಲಿನ ಅಣ್ಣ:
ಎಲ್ಲರಿಗೂ ತುಂಬ ಧನ್ಯವಾದ. ನಿನ್ನೆ ರಾತ್ರಿ ಅಮ್ಮನೂ ನಾನೂ ಕೂತು ಮನೆ ಮನೆ ನೆನೆದು ಬರೆದೆವು. 118 ಮನೆ ಆಯಿತು. ಒಳಗೆ ಮಲಗಿದ್ದ ಅಪ್ಪ ಅಲ್ಲಿಂದಲೇ ಬಿಟ್ಟುಹೋದ ಎರಡು ಮನೆ ಹೇಳಿದರು. 120 ಮನೆ, ಮಧ್ಯಾಹ್ನಕ್ಕೆ 390 ಜನ, ತಿಂಡಿಗೆ 200. ನಾಲ್ಕು ಕ್ವಿಂಟಾಲ್ ಅಡಿಕೆ ಈ ವಾರವೇ ಕ್ಯಾಂಪ್ಕೊಗೆ (ಅಡಿಕೆ ಕೊಳ್ಳುವ ಸಹಕಾರಿ ಸಂಸ್ಥೆಗೆ) ಹಾಕು ಅಂತಲೂ ಅಪ್ಪನೇ ಹೇಳಿದರು. ಐದು ಪವನ್ ಬೇಡ, ಮೂರು ಸಾಕು ಅಂತ ತಂಗಿ ಅಮ್ಮನನ್ನು ಒಪ್ಪಿಸಿದ್ದಾಳೆ. ಅಕ್ಕಾ, ದಿಬ್ಬಣದಲ್ಲಿ ಎಷ್ಟು ಜನ ಅಂತ ಹುಡುಗನ ಕಡೆಯವರನ್ನು ಕೇಳುವುದು ಹೇಗೆ? ಅವರು ಏನಾದರೂ ತಿಳಿದುಕೊಂಡರೆ?

ಪೆರ್ಲದ ಅಕ್ಕ:
ನೀನು ಕೇಳಬೇಡ, ಅಪ್ಪನ ಕೈಯಲ್ಲಿ ಹುಡುಗನ ಅಪ್ಪನಿಗೆ ಫೋನ್ ಮಾಡಿಸು. ಬಂದವರಿಗೆ ಕಡಿಮೆ ಆಗಬಾರದು, ಅದಕ್ಕೆ ಕೇಳಿದ್ದು ಅಂತ ಹೇಳಲಿ. ಯಾರೂ ತಪ್ಪು ತಿಳಿಯುವುದಿಲ್ಲ. ಅವರು ಹೇಳಿದ್ದಕ್ಕೆ ಇಪ್ಪತ್ತು ಸೇರಿಸಿ ಬರೆದುಕೋ.