ಮೊದಲ ಸೆಷನ್‌ನಲ್ಲಿ ಫಾರ್ಮ್ ತುಂಬಿಸುವುದಾ, ಮಾತು ಕೇಳುವುದಾ? ನಿಮ್ಮ ಅನುಭವ ಹೇಳಿ

ಪ್ರಶ್ನೆ:
ಆಪ್ತಸಮಾಲೋಚನೆಯ ಕೋರ್ಸ್ ಮುಗಿಸಿ ಈಗಷ್ಟೇ ಕ್ಲೈಂಟ್‌ಗಳನ್ನು ನೋಡಲು ಶುರು ಮಾಡಿದ್ದೇನೆ. ಇನ್‌ಟೇಕ್ ಫಾರ್ಮ್ (ಮೊದಲ ಸಲ ಬಂದವರ ವಿವರ ತುಂಬಿಸುವ ಹಾಳೆ) ಹಿಡಿದು ಕೂತರೆ ಎದುರಿಗಿದ್ದವರು ಹೌದು, ಇಲ್ಲ ಎಂದಷ್ಟೇ ಹೇಳುತ್ತಾರೆ. ಕೆಲವರು ಎರಡನೇ ಸಲ ಬರುವುದೇ ಇಲ್ಲ. ಫಾರ್ಮ್ ಬದಿಗಿಟ್ಟರೆ ಮನಸ್ಸು ಬಿಚ್ಚಿ ಮಾತಾಡುತ್ತಾರೆ, ಆದರೆ ಸಮಯ ಮುಗಿದಾಗ ಕೇಳಲೇಬೇಕಾದ ಎಷ್ಟೋ ವಿಷಯ ಉಳಿದಿರುತ್ತದೆ. ನಂಬಿಕೆ ಬೆಳೆಸುವುದು, ಅಸೆಸ್‌ಮೆಂಟ್ (ಸಮಸ್ಯೆ ಏನು, ಎಷ್ಟಿದೆ ಎಂದು ಅಳೆಯುವುದು) ಮಾಡುವುದು, ಎರಡನ್ನೂ ನೀವೆಲ್ಲ ಹೇಗೆ ನಿಭಾಯಿಸುತ್ತೀರಿ?

ಸ್ವಂತ ಪ್ರಾಕ್ಟೀಸ್ ಇರುವ ಕೌನ್ಸೆಲರ್:
ಇವೆರಡು ಬೇರೆ ಬೇರೆ ಕೆಲಸ ಅಂದುಕೊಂಡರೆ ಈ ಜಗ್ಗಾಟ ಮುಗಿಯುವುದಿಲ್ಲ ಮೇಡಂ. ನೀವು ಕೇಳುವ ರೀತಿಯಲ್ಲೇ ಅವರು ನಿಮ್ಮನ್ನು ಅಳೆಯುತ್ತಿರುತ್ತಾರೆ. ನಿದ್ದೆ ಹೇಗಿದೆ ಎಂದು ಕೇಳಿ, ಉತ್ತರ ಮುಗಿಯುವ ಮೊದಲೇ ಮುಂದಿನ ಸಾಲಿಗೆ ಕಣ್ಣು ಹೋದರೆ ಅದು ಅವರಿಗೆ ಗೊತ್ತಾಗುತ್ತದೆ. 'ಬೆಳಗಿನ ಜಾವ ಎಚ್ಚರ ಆಗಿಬಿಡುತ್ತದೆ' ಅಂದಾಗ 'ಆ ಹೊತ್ತಿನಲ್ಲಿ ತಲೆಯಲ್ಲಿ ಏನು ಓಡುತ್ತಿರುತ್ತದೆ?' ಎಂದು ಕೇಳಿ ನೋಡಿ. ನಿದ್ದೆಯ ವಿಷಯ ಸಿಕ್ಕಿತು, ಚಿಂತೆ ಯಾವುದೆಂದು ತಿಳಿಯಿತು, ಇವರು ಕೇಳಿಸಿಕೊಳ್ಳುತ್ತಾರೆ ಅನ್ನುವ ಭರವಸೆಯೂ ಅವರಿಗೆ ಬಂತು. ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1957ರಲ್ಲೇ ಇದನ್ನು ಬರೆದಿದ್ದರು: ಕೌನ್ಸೆಲರ್‌ಗೆ ಅನುಭೂತಿ (ಎದುರಿಗಿದ್ದವರ ಮನಸ್ಸನ್ನು ಅವರ ಕಡೆಯಿಂದ ಅರಿಯುವುದು) ಇದ್ದರೆ ಸಾಲದು, ಅದು ಸ್ವಲ್ಪವಾದರೂ ಕ್ಲೈಂಟ್‌ಗೆ ತಲುಪಬೇಕು.

ಶುರುವಿನಲ್ಲೇ ಇವತ್ತು ಏನೇನು ನಡೆಯುತ್ತದೆ ಎಂದು ನಾನು ಹೇಳಿಬಿಡುತ್ತೇನೆ. ಮೊದಲು ನಿಮ್ಮ ಮಾತು, ಕೊನೆಯ ಕಾಲು ಗಂಟೆ ನನ್ನ ನೇರ ಪ್ರಶ್ನೆಗಳು, ಬೇಡ ಅನ್ನಿಸಿದ್ದಕ್ಕೆ ಉತ್ತರ ಕೊಡಬೇಕಿಲ್ಲ. ಹೇಳಿದ್ದು ಹೊರಗೆ ಹೋಗುವುದಿಲ್ಲ ಎನ್ನುವುದನ್ನೂ ಅದರ ಮಿತಿಯನ್ನೂ ಆಗಲೇ ಹೇಳುತ್ತೇನೆ. ಅವರ ಜೀವಕ್ಕೋ ಬೇರೆಯವರ ಜೀವಕ್ಕೋ ಅಪಾಯ ಇದ್ದರೆ, ಮಗುವಿಗೆ ಹಿಂಸೆ ಆಗುತ್ತಿದ್ದರೆ ನಾನು ಸುಮ್ಮನಿರಲು ಆಗುವುದಿಲ್ಲ. ಇದನ್ನು ಕೇಳಿ ಜನ ಬಾಯಿ ಮುಚ್ಚಿಕೊಳ್ಳುತ್ತಾರೆ ಅನ್ನುವವರಿದ್ದಾರೆ. ನನಗೆ ಹಾಗೆ ಕಂಡಿಲ್ಲ. ಎಲ್ಲ ಹೇಳಿಕೊಂಡ ಮೇಲೆ ಆ ಮಿತಿ ಗೊತ್ತಾದರೆ ಜಾಸ್ತಿ ನೋವಾಗುತ್ತದೆ.

ಇನ್ನೊಂದು ಮಾತು. ಮನಶ್ಶಾಸ್ತ್ರಜ್ಞ ಎಡ್ವರ್ಡ್ ಬೋರ್ಡಿನ್ 1979ರಲ್ಲಿ ಕೌನ್ಸೆಲರ್ ಮತ್ತು ಕ್ಲೈಂಟ್ ನಡುವಿನ ಸಂಬಂಧವನ್ನು ಮೂರಾಗಿ ಬಿಡಿಸಿ ತೋರಿಸಿದರು: ಇಬ್ಬರೂ ಒಪ್ಪಿದ ಗುರಿ, ಅದಕ್ಕಾಗಿ ಮಾಡುವ ಕೆಲಸ, ನಡುವಿನ ಬಾಂಧವ್ಯ. ಹೊಸಬರು ಬಾಂಧವ್ಯದ ಬಗ್ಗೆಯೇ ಜಾಸ್ತಿ ತಲೆ ಕೆಡಿಸಿಕೊಳ್ಳುತ್ತಾರೆ. ಬರದೆ ಹೋದವರಲ್ಲಿ ಎಷ್ಟೋ ಜನರಿಗೆ ನಿಮ್ಮ ಮೇಲೆ ಬೇಸರ ಇರುವುದಿಲ್ಲ. ಇಲ್ಲಿ ಕೂತು ಮಾತಾಡಿದರೆ ಏನಾಗುತ್ತದೆ ಎನ್ನುವುದು ಸ್ಪಷ್ಟ ಆಗಿರುವುದಿಲ್ಲ, ಅಷ್ಟೇ. 'ಏನು ಬದಲಾದರೆ ಇಲ್ಲಿಗೆ ಬಂದದ್ದು ಸಾರ್ಥಕ ಅನ್ನಿಸುತ್ತದೆ?' ಎಂದು ಮೊದಲ ದಿನವೇ ಕೇಳಿ. ಉತ್ತರವನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. 'ಮನೆಯವರು ಕಳಿಸಿದರು, ಬಂದೆ' ಅಂದರೆ ಅದನ್ನೂ ಬರೆದುಕೊಳ್ಳಿ. ಕಳಿಸಿದವರಿಗೆ ಬೇಕಾದ್ದು ಒಂದು, ಬಂದವರಿಗೆ ಬೇಕಾದ್ದು ಇನ್ನೊಂದು ಇರುತ್ತದೆ.

ಆಸ್ಪತ್ರೆಯಲ್ಲಿ ಕೆಲಸ ಮಾಡುವ ಕೌನ್ಸೆಲರ್:
ಮೇಲಿನ ಮಾತು ಒಪ್ಪುತ್ತೇನೆ, ಆದರೆ ಒಂದು ತಕರಾರಿದೆ. ಎಲ್ಲ ನೇರ ಪ್ರಶ್ನೆಗಳನ್ನೂ ಕೊನೆಗೆ ಇಟ್ಟುಕೊಳ್ಳಬೇಡಿ. ಸಾಯುವ ಯೋಚನೆಯ ಬಗ್ಗೆ ಕೇಳಿದಾಗ ಹೌದು ಎಂದು ಬಂದರೆ ಕಾಲು ಗಂಟೆ ಯಾತಕ್ಕೂ ಸಾಲುವುದಿಲ್ಲ. ಅರ್ಧ ಸಮಯ ದಾಟುವುದರೊಳಗೆ ನಾನು ಅದನ್ನು ಕೇಳಿರುತ್ತೇನೆ.

ನಾವು ಪಿಎಚ್‌ಕ್ಯೂ-9 ಎಂಬ ಖಿನ್ನತೆಯ ಪ್ರಶ್ನಾವಳಿ ಬಳಸುತ್ತೇವೆ. ಹಿಂದಿನ ಎರಡು ವಾರಗಳ ಬಗ್ಗೆ 9 ಪ್ರಶ್ನೆ, ಒಟ್ಟು ಅಂಕ 0ಯಿಂದ 27. 10 ಅಥವಾ ಜಾಸ್ತಿ ಬಂದರೆ ಖಿನ್ನತೆ ಇದೆಯಾ ಎಂದು ಇನ್ನಷ್ಟು ವಿಚಾರಿಸಬೇಕು. ಅಂಕವೇ ರೋಗನಿರ್ಣಯ ಅಲ್ಲ. ಹಾಗೆಯೇ ಒಟ್ಟು ಅಂಕ ಕಡಿಮೆ ಇದೆ ಎಂದು ಹಾಳೆಯನ್ನು ಪಕ್ಕಕ್ಕಿಡಬೇಡಿ. ಒಂಬತ್ತನೇ ಪ್ರಶ್ನೆ ಇರುವುದು ಸತ್ತರೆ ಚೆನ್ನಾಗಿತ್ತು ಅನ್ನಿಸುವುದರ, ತನಗೇ ನೋವು ಮಾಡಿಕೊಳ್ಳುವುದರ ಬಗ್ಗೆ. ಒಟ್ಟು 6 ಬಂದಿದ್ದರೂ, ಅಲ್ಲಿ 0 ಬಿಟ್ಟು ಬೇರೆ ಯಾವುದಕ್ಕೆ ಗುರುತು ಹಾಕಿದ್ದರೂ ಅವರು ಹೊರಡುವ ಮೊದಲು ಮಾತಾಡಲೇಬೇಕು.

ಸುತ್ತಿ ಬಳಸಿ ಕೇಳಬೇಡಿ. 'ಅಂಥ ಯೋಚನೆ ಏನೂ ಇಲ್ಲ ಅಲ್ವಾ?' ಅಂದರೆ 'ಇಲ್ಲ' ಎನ್ನುವ ಉತ್ತರವನ್ನು ನೀವೇ ಹೇಳಿಕೊಟ್ಟ ಹಾಗೆ. 'ಸಾಯಬೇಕು ಅನ್ನಿಸಿದ್ದಿದೆಯಾ?' ಎಂದೇ ಕೇಳಿ. ಹೌದು ಅಂದರೆ, ಹೇಗೆ ಎಂದು ಯೋಚಿಸಿದ್ದಾರಾ, ಅದಕ್ಕೆ ಬೇಕಾದ್ದು ಕೈಗೆ ಸಿಗುವಂತಿದೆಯಾ, ಹಿಂದೆ ಪ್ರಯತ್ನಿಸಿದ್ದಾರಾ, ಇಲ್ಲಿಯವರೆಗೆ ಅವರನ್ನು ತಡೆದದ್ದು ಏನು, ಇಷ್ಟೂ ತಿಳಿಯಬೇಕು. ಕೇಳುವುದರಿಂದ ಇಲ್ಲದ ಯೋಚನೆ ತಲೆಗೆ ಬರುತ್ತದೆ ಎಂಬ ಭಯ ಬೇಡ. ಹಾಗೇನೂ ಆಗುವುದಿಲ್ಲ ಎಂದೇ ಅಧ್ಯಯನಗಳು ತೋರಿಸಿವೆ. ಕೊನೆಗೂ ಯಾರೋ ಕೇಳಿದರಲ್ಲ ಎಂದು ಹಗುರಾದವರನ್ನು ನಾನು ಕಂಡಿದ್ದೇನೆ. ಹೌದು ಎಂದು ಬಂದರೆ ಅವತ್ತು ಅವರ ಸುರಕ್ಷತೆಗೆ ಏನು ವ್ಯವಸ್ಥೆ, ಯಾರು ಜೊತೆಗಿರುತ್ತಾರೆ, ಮನೋವೈದ್ಯರಿಗೆ ಯಾವಾಗ ತೋರಿಸುವುದು ಎನ್ನುವುದಷ್ಟೇ ಕೆಲಸ. ಉಳಿದ ಫಾರ್ಮ್ ಖಾಲಿ ಇದ್ದರೆ ಇರಲಿ.

ಇನ್ನೊಬ್ಬರು:
ದೇಹದ ವಿಷಯ ಬಿಡಬೇಡಿ. ಥೈರಾಯ್ಡ್ ಕಡಿಮೆ ಇದ್ದರೂ, ರಕ್ತಹೀನತೆ ಇದ್ದರೂ ಸುಸ್ತು, ನಿರುತ್ಸಾಹ ಖಿನ್ನತೆಯ ಹಾಗೇ ಕಾಣಬಹುದು. ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ, ಕುಡಿಯುತ್ತಾರಾ ಎಂದೂ ಕೇಳಿ. 'ನಿದ್ದೆ ಕಡಿಮೆ ಇದ್ದರೂ ವಿಪರೀತ ಉತ್ಸಾಹ ಇದ್ದ ದಿನಗಳು ಯಾವಾಗಾದರೂ ಇದ್ದವಾ?' ಎನ್ನುವ ಪ್ರಶ್ನೆ ಹಲವರು ಮರೆಯುತ್ತಾರೆ. ಬೈಪೋಲಾರ್ (ವಿಪರೀತ ಉತ್ಸಾಹದ ಕಾಲ, ಖಿನ್ನತೆಯ ಕಾಲ ಎರಡೂ ಬಂದುಹೋಗುವ ಕಾಯಿಲೆ) ಇದ್ದರೆ ಚಿಕಿತ್ಸೆಯ ದಾರಿಯೇ ಬೇರೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದ. ಮಾತಿನ ಮಧ್ಯೆ ಬರೆದುಕೊಳ್ಳುವುದು ಹೇಗೆ? ಪೆನ್ನು ಎತ್ತಿದ ತಕ್ಷಣ ಕೆಲವರು ಮಾತು ನಿಲ್ಲಿಸುತ್ತಾರೆ.

ಹದಿಹರೆಯದವರ ಜೊತೆ ಕೆಲಸ ಮಾಡುವ ಕೌನ್ಸೆಲರ್:
ಒಂದೆರಡು ಪದ ಸಾಕು, ಉಳಿದದ್ದು ಅವರು ಹೋದ ಕೂಡಲೇ ಬರೆಯಿರಿ. ನನ್ನ ಹತ್ತಿರ ಬರುವ ಮಕ್ಕಳಿಗೆ ಹಾಳೆಯನ್ನೇ ತೋರಿಸುತ್ತೇನೆ, 'ನೀನು ಹೇಳಿದ್ದು ಇದೇ ತಾನೆ? ತಪ್ಪಿದ್ದರೆ ತಿದ್ದು' ಅನ್ನುತ್ತೇನೆ. ಅವರು ತಿದ್ದುವಾಗ ನಾನು ಕೇಳದೇ ಇದ್ದ ವಿಷಯಗಳೂ ಬರುತ್ತವೆ. ಅಪ್ಪ ಅಮ್ಮ ಜೊತೆಗೆ ಬಂದಿದ್ದರೆ ಸ್ವಲ್ಪ ಹೊತ್ತು ಮಗುವನ್ನು ಒಂಟಿಯಾಗಿ ಮಾತಾಡಿಸಲೇಬೇಕು. ಯಾವುದು ಹೆತ್ತವರಿಗೆ ಹೋಗುತ್ತದೆ, ಯಾವುದು ಹೋಗುವುದಿಲ್ಲ ಎಂದು ಎಲ್ಲರೂ ಇರುವಾಗಲೇ ಹೇಳಿ.

ಸೂಪರ್‌ವೈಸರ್ (ಕೌನ್ಸೆಲರ್‌ಗಳ ಕೆಲಸಕ್ಕೆ ಮಾರ್ಗದರ್ಶನ ಮಾಡುವವರು):
ಸಂಬಂಧ ಹೇಗಿದೆ ಎನ್ನುವುದನ್ನೂ ಅಸೆಸ್ ಮಾಡಬೇಕಲ್ಲ, ಅದು ಇಲ್ಲಿ ಬಂದಿಲ್ಲ. ನಮ್ಮ ಅಂದಾಜು ತುಂಬಾ ಸಲ ತಪ್ಪಿರುತ್ತದೆ. ಸೆಷನ್ ರೇಟಿಂಗ್ ಸ್ಕೇಲ್ ಎಂಬ ಹಾಳೆಯಲ್ಲಿ ಕ್ಲೈಂಟ್ ಗುರುತು ಹಾಕುವುದು ನಾಲ್ಕೇ ಗೆರೆಯ ಮೇಲೆ: ನನ್ನ ಮಾತು ಕೇಳಿಸಿಕೊಂಡರಾ, ನನಗೆ ಬೇಕಾದ ವಿಷಯ ಮಾತಾಡಿದೆವಾ, ವಿಧಾನ ಹೊಂದಿತಾ, ಒಟ್ಟಾರೆ ಹೇಗಿತ್ತು. ಕೊನೆಯ ಐದು ನಿಮಿಷ ಸಾಕು. ಮುಜುಗರಕ್ಕೆ ಎಲ್ಲದಕ್ಕೂ ಪೂರ್ತಿ ಅಂಕ ಕೊಡುವವರು ಜಾಸ್ತಿ. ಅವರಿಗೆ 'ಮುಂದಿನ ಸಲ ಒಂದು ವಿಷಯ ಬದಲಿಸಬೇಕು ಅಂದರೆ ಯಾವುದು?' ಎಂದು ಕೇಳಿ. 'ನೀವು ಬೇಗ ಸಲಹೆ ಕೊಟ್ಟಿರಿ' ಎಂದು ಬಂದರೆ ಸಮಜಾಯಿಷಿ ಕೊಡಲು ಹೋಗಬೇಡಿ. ಹೇಳಿದ್ದಕ್ಕೆ ಧನ್ಯವಾದ ಹೇಳಿ, ಅದು ಯಾವ ಮಾತಿನ ಹತ್ತಿರ ಅನ್ನಿಸಿತು ಎಂದು ವಿಚಾರಿಸಿ.

ಬರದೇ ಹೋದವರಿಗೆ ಒಂದು ಸಲ ಮೆಸೇಜ್ ಮಾಡಿ, ಅದಕ್ಕೆ ಮೊದಲ ದಿನವೇ ಒಪ್ಪಿಗೆ ಕೇಳಿರಿ. 'ಬರಲೇಬೇಕು ಅಂತಲ್ಲ. ಬೇರೆ ಕೌನ್ಸೆಲರ್ ಬೇಕಿದ್ದರೂ ಹೇಳಿ, ಹುಡುಕಲು ಸಹಾಯ ಮಾಡುತ್ತೇನೆ' ಎಂದಷ್ಟು ಬರೆದರೆ ಸಾಕು. ಉತ್ತರ ಬರಲಿ ಬಿಡಲಿ, ಆ ಕೇಸನ್ನು ನಿಮ್ಮ ಸೂಪರ್‌ವಿಷನ್‌ಗೆ ತನ್ನಿ.