ನೊಬೆಲ್ ಔತಣಕ್ಕೆ ವೈಟ್ ಟೈ: ಬಾಡಿಗೆಯೋ, ಬಂದ್‌ಗಲಾನೋ?

ಕೇಳಿದ್ದು: ಡಿಸೆಂಬರ್ 10ಕ್ಕೆ ಸ್ಟಾಕ್‌ಹೋಮ್ ಸಿಟಿ ಹಾಲ್‌ನ ಔತಣಕ್ಕೆ ನಮ್ಮೆಜಮಾನರಿಗೂ ನನಗೂ ಆಹ್ವಾನ ಬಂದಿದೆ. ಗಂಡಸರಿಗೆ ವೈಟ್ ಟೈ ಅಂತೆ, ಅಂದ್ರೆ ಹಿಂದೆ ಉದ್ದ ಬಾಲವಿರೋ ಕಪ್ಪು ಟೇಲ್‌ಕೋಟ್, ಒಳಗೆ ತೋಳಿಲ್ಲದ ಬಿಳಿ ವೇಸ್ಟ್‌ಕೋಟ್, ಬಿಳಿ ಬೋ ಟೈ. ಅವರ ಎತ್ತರ ಐದಡಿ ಐದು. ಟೇಲ್‌ಕೋಟ್ ಬಾಡಿಗೆಗೆ ತರೋದಾ, ಬೆಂಗಳೂರಲ್ಲಿ ಕೊರಳು ಮುಚ್ಚೋ ನಮ್ಮ ಬಂದ್‌ಗಲಾ ಕೋಟು ಹೊಲಿಸೋದಾ? ನನಗೆ ಸೀರೆ ನಡೆಯುತ್ತಾ?

ದರ್ಜಿಮನೆ: ಟೇಲ್‌ಕೋಟ್ ಕೆಡೋದು ಸೊಂಟದಲ್ಲಿ. ಕೋಟಿನ ಮುಂದಿನ ಅಂಚಿನ ಕೆಳಗೆ ಬಿಳಿ ವೇಸ್ಟ್‌ಕೋಟ್ ಒಂದು ಎಳೆಯೂ ಇಣುಕಬಾರದು. ಇಣುಕಿದರೆ ಎಲ್ಲರೂ ವೇಸ್ಟ್‌ಕೋಟ್ ಬದಲಾಯಿಸ್ತಾರೆ. ನಿಜವಾದ ತಪ್ಪು ಹೆಚ್ಚಾಗಿ ಪ್ಯಾಂಟಿನದು. ಅದು ಹೊಕ್ಕುಳ ಮಟ್ಟಕ್ಕೆ ನಿಲ್ಲಬೇಕು, ಅದಕ್ಕೇ ಬೆಲ್ಟ್ ಇಲ್ಲ, ಭುಜದ ಮೇಲಿಂದ ಪ್ಯಾಂಟ್ ಹಿಡಿಯೋ ಪಟ್ಟಿ, ಬ್ರೇಸಸ್. ಕೋಟಿನ ಬಾಲ ಮೊಣಕಾಲಿನ ಹಿಂಭಾಗ ಮುಟ್ಟಿದರೆ ಸಾಕು. ಈ ಕೋಟಿಗೆ ಗುಂಡಿ ಹಾಕೋ ಹಾಗೇ ಇಲ್ಲ. ಹೊಲಿಸಿಕೊಂಡದ್ದೇ ಸರಿ, ಬಾಡಿಗೆಯದು ಯಾರದ್ದೋ ಸೊಂಟಕ್ಕೆ ಕತ್ತರಿಸಿದ್ದು.

ಬಾಡಿಗೆಯೇ ಸಾಕು: ಒಂದು ರಾತ್ರಿಗೆ ಹೊಲಿಸೋದು ದುಡ್ಡು ದಂಡ ಸ್ವಾಮಿ. ಆದರೆ ಬಾಡಿಗೆಯಲ್ಲಿ ಏನೇನು ಸೇರಿದೆ ಅಂತ ಒಂದೊಂದಾಗಿ ಕೇಳಿ: ಶರ್ಟ್, ಬಿಡಿ ಕಾಲರ್, ಕಾಲರ್ ಗುಂಡಿ ಎರಡು, ಎದೆಯ ಸ್ಟಡ್‌ಗಳು (ಶರ್ಟಿನ ಮುಂದೆ ಸಿಕ್ಕಿಸೋ ಬಿಡಿ ಗುಂಡಿ), ತೋಳಿನ ತುದಿಗೆ ಕಫ್‌ಲಿಂಕ್, ಮಿರಮಿರ ಹೊಳೆಯೋ ಪೇಟೆಂಟ್ ಲೆದರ್ ಶೂ. ಬಿಟ್ಟುಹೋದ ಒಂದು ಗುಂಡಿಗೆ ಸಂಜೆ ನಾಲ್ಕಕ್ಕೆ ಊರೆಲ್ಲ ಸುತ್ತಬೇಕಾಗುತ್ತೆ. ಕಾಲರ್ ಶರ್ಟಿನ ಕೊರಳಪಟ್ಟಿಗಿಂತ ಅರ್ಧ ಇಂಚು ದೊಡ್ಡದಿರಲಿ. ಹಿಂದಿನ ಗುಂಡಿಯನ್ನು ಶರ್ಟ್ ತೊಡೋ ಮೊದಲೇ ಸಿಕ್ಕಿಸಿ, ತೊಟ್ಟ ಮೇಲೆ ಕೈ ಎಟುಕಲ್ಲ. ಶರ್ಟಿನ ಎದೆಯ ಕೆಳಗೊಂದು ಪುಟ್ಟ ನಾಲಗೆ ಇರುತ್ತೆ, ಅದನ್ನು ಪ್ಯಾಂಟಿನ ಒಳಗುಂಡಿಗೆ ಹಾಕದಿದ್ದರೆ ಕೂತಾಗ ಗಂಜಿ ಹಾಕಿದ ಎದೆ ಉಬ್ಬಿ ಗದ್ದಕ್ಕೆ ಬಡಿಯುತ್ತೆ.

ರೇಷ್ಮೆಸೀರೆ: ಪಾಪ, ಅವರು ಸೀರೆ ಕೇಳಿದ್ರೆ ನೀವಿಬ್ಬರೂ ಗುಂಡಿ ಎಣಿಸ್ತಿದೀರಿ! ರಾಷ್ಟ್ರೀಯ ಉಡುಪಿಗೆ ಅಲ್ಲಿ ಅನುಮತಿ ಇದೆ, ಸೀರೆ ಧಾರಾಳವಾಗಿ ನಡೆಯುತ್ತೆ. ಮೈಸೂರು ರೇಷ್ಮೆ ಮೇಲು. ದಪ್ಪ ಜರಿಯ ಕಂಚಿ ಉಟ್ಟರೆ ಕೂರೋದೇ ಕಷ್ಟ, ಸಾಮಾನ್ಯ ಅತಿಥಿಗೆ ಮೇಜಲ್ಲಿ ಸಿಗೋದು 60 ಸೆಂಟಿಮೀಟರ್ ಜಾಗ. ಸೆರಗನ್ನು ನೆರಿಗೆ ಹಿಡಿದು ಭುಜಕ್ಕೆ ಪಿನ್ ಮಾಡಿ, ಇಳಿಬಿಟ್ಟರೆ ಪಕ್ಕದವರ ಕುರ್ಚಿ ಅಡಿ ಸಿಕ್ಕಿಕೊಳ್ಳುತ್ತೆ. ಹಿಮಕ್ಕೆ ಬೂಟ್ಸ್, ಒಳಗೆ ಹೋದ ಮೇಲೆ ಚಪ್ಪಲಿ. ಆ ಹಿಮ್ಮಡಿಯ ಎತ್ತರಕ್ಕೇ ಸೀರೆ ಉಡಬೇಕು.

ಕೊರಳುಮುಚ್ಚಿ: ಹಾಗಾದ್ರೆ ಯಜಮಾನರಿಗೂ ಕಪ್ಪು ಬಂದ್‌ಗಲಾ. ಕಾಲರ್ ಹುಕ್ ಹಾಕಿದಾಗ ಎರಡು ಬೆರಳು ಹಿಡಿಸಬೇಕು, ಅಷ್ಟೇ ಲೆಕ್ಕ. ಕುಳ್ಳಗಿನವರನ್ನು ಟೇಲ್‌ಕೋಟ್ ನುಂಗಿಬಿಡುತ್ತೆ.

ದರ್ಜಿಮನೆ: ತಪ್ಪು! ಎತ್ತರದ ಸೊಂಟದ ಪ್ಯಾಂಟ್ ಕಾಲನ್ನು ಉದ್ದ ಕಾಣಿಸುತ್ತೆ. ಅಳತೆ ಗೊತ್ತಿಲ್ಲದೆ ಬರೀಬೇಡಿ.

ಬಾಡಿಗೆಯೇ ಸಾಕು: ಅಂಗಡಿಯವರು ಕಪ್ಪು ವೇಸ್ಟ್‌ಕೋಟ್ ಕೊಟ್ಟರೆ ವಾಪಸ್ ಕೊಡಿ. ಅದು ಮಾಣಿಗಳದ್ದು.

ಉಪ್ಸಾಲಾದಿಂದ: ಮಾಣಿಗಳದ್ದು ಅಂದ್ರೇನ್ರೀ? ಸ್ವೀಡನ್‌ನಲ್ಲಿ ಡಾಕ್ಟರೇಟ್ ಪ್ರದಾನಕ್ಕೆ ಟೇಲ್‌ಕೋಟ್ ಜೊತೆ ಕಪ್ಪು ವೇಸ್ಟ್‌ಕೋಟೇ ಕ್ರಮ. ಶವಸಂಸ್ಕಾರಕ್ಕೂ ಅದೇ.

ಬಾಡಿಗೆಯೇ ಸಾಕು: ಅವರು ಹೋಗ್ತಿರೋದು ಊಟಕ್ಕೆ.

ಉಪ್ಸಾಲಾದಿಂದ: ಊಟಕ್ಕೆ ಬಿಳಿಯೇ, ನಾನು ಇಲ್ಲ ಅಂದೆನಾ? ಕಪ್ಪು ಅಂದ ಕೂಡಲೇ ಮಾಣಿ ಅನ್ನೋದು ತಪ್ಪು, ಅದನ್ನ ಹಿಂದೆ ತಗೊಳ್ಳಿ.